ಕೊಡಗಿನ ಕಾಫಿಯನ್ನು ಹೊರದೇಶದಲ್ಲಿ ಮಾರುವ ಕ್ರಮ: ಮೊದಲು ದೇಶ, ಕೊನೆಗೆ ಪ್ಯಾಕೆಟ್

ಸ್ವಂತ ಹೆಸರಿನಲ್ಲಿ ಕಾಫಿಯನ್ನು ಹೊರದೇಶಕ್ಕೆ ಕಳುಹಿಸಲು ಹೊರಟ ಬೆಳೆಗಾರರು ಗೋಣಿಕೊಪ್ಪಲಿನಲ್ಲಿಯೂ ಸಿಗುತ್ತಾರೆ, ಸೋಮವಾರಪೇಟೆಯಲ್ಲಿಯೂ ಸಿಗುತ್ತಾರೆ. ಹೆಚ್ಚಿನವರು ಮುಗ್ಗರಿಸುವುದು ಮಾತ್ರ ಒಂದೇ ಜಾಗದಲ್ಲಿ. ಮೊದಲು ಲೋಗೊ ಮಾಡಿಸುತ್ತಾರೆ, ಸಾವಿರಾರು ಚೀಲ ಅಚ್ಚು ಹಾಕಿಸುತ್ತಾರೆ, ವೆಬ್‌ಸೈಟ್ ತೆರೆಯುತ್ತಾರೆ, ಆಮೇಲೆ ಕೊಳ್ಳುವವರನ್ನು ಹುಡುಕುತ್ತಾರೆ. ಕೊಳ್ಳುವವರು ಸಿಕ್ಕ ದಿನ ಚೀಲದ ಮೇಲಿನ ಬರಹ ಆ ದೇಶದ ಕಾನೂನಿಗೆ ಹೊಂದುವುದಿಲ್ಲ, ಬೆಲೆ ಅಲ್ಲಿಯ ಅಂಗಡಿಗೆ ಹೊಂದುವುದಿಲ್ಲ, ಹುರಿದ ಹದ ಅಲ್ಲಿಯವರ ನಾಲಿಗೆಗೆ ಹೊಂದುವುದಿಲ್ಲ.

ಕಾಫಿಯ ಗುಣದಲ್ಲಿ ದೋಷವಿಲ್ಲ. ಕೆಲಸದ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಭಾರತದಲ್ಲಿ ಬೆಳೆಯುವ ಕಾಫಿಯ ಹೆಚ್ಚಿನ ಪಾಲು ಹೇಗೂ ಹೊರದೇಶಕ್ಕೇ ಹೋಗುತ್ತದೆ. ಹೋಗುವಾಗ ತೋಟದ ಹೆಸರು ಅದರ ಜೊತೆ ಹೋಗುವುದಿಲ್ಲ. ಹೆಸರೂ ಜೊತೆಗೆ ಹೋಗಬೇಕು ಎಂಬ ಆಸೆ ಇರುವವರಿಗಾಗಿ ಈ ಹಂತಗಳು. ಮೆಣಸು, ಏಲಕ್ಕಿ, ಜೇನು ಮಾರುವವರಿಗೂ ಕ್ರಮ ಇದೇ; ಕಾಗದಪತ್ರ ಮಾತ್ರ ಬೇರೆ.

ಮೊದಲು ಕೈಯಲ್ಲಿರಬೇಕಾದವು

ತೇವಾಂಶ ಮಾಪಕ, ಬೀಜ ಜರಡಿಗಳು, 100 ಗ್ರಾಂ ಹುರಿಯುವ ಸಣ್ಣ ಯಂತ್ರ ಅಥವಾ ಅದು ಇರುವವರ ಪರಿಚಯ, ಗಾಳಿಯಾಡದ ಒಳಚೀಲಗಳು, ಜಿಪಿಎಸ್ ಇರುವ ಮೊಬೈಲ್, ಪ್ರತಿ ಲಾಟಿಗೂ, ಅಂದರೆ ಒಟ್ಟಿಗೆ ಸಂಸ್ಕರಿಸಿದ ಪ್ರತಿ ಸರಕಿಗೂ, ಒಂದು ಪುಟ ಇರುವ ನೋಟ್‌ಬುಕ್. ಇವುಗಳಲ್ಲಿ ಜನ ಬಿಟ್ಟುಬಿಡುವುದು ನೋಟ್‌ಬುಕ್ಕನ್ನು. ಯಾವ ಬ್ಲಾಕಿನ ಹಣ್ಣು, ಯಾವ ದಿನ ಕೊಯ್ದದ್ದು, ಎಷ್ಟು ಗಂಟೆ ಹುದುಗಿಸಿದ್ದು, ಕಣದಲ್ಲಿ ಎಷ್ಟು ದಿನ ಒಣಗಿದ್ದು, ಮೂಟೆ ಕಟ್ಟಿದಾಗ ತೇವಾಂಶ ಎಷ್ಟು ಎಂಬುದನ್ನೆಲ್ಲ ಅಂದಂದೇ ಬರೆದಿಡಿ. ಮುಂದಿನ ಪ್ರತಿ ಹಂತದಲ್ಲೂ ಈ ಪುಟವೇ ಕೈ ಹಿಡಿಯುತ್ತದೆ.

ಹಂತ 1: ಒಂದೇ ಒಂದು ದೇಶವನ್ನು ಆರಿಸಿ

"ಯುರೋಪಿಗೆ ಮಾರುತ್ತೇನೆ" ಎಂಬುದು ಯೋಜನೆಯಲ್ಲ. ಇಟಲಿಯವರು ಎಸ್ಪ್ರೆಸೊ ಕುಡಿಯುತ್ತಾರೆ. ಅವರ ಮಿಶ್ರಣಗಳಲ್ಲಿ ನೊರೆ ಗಟ್ಟಿಯಾಗಿ ನಿಲ್ಲಲು ತೊಳೆದ ಒಳ್ಳೆಯ ರೊಬಸ್ಟಾ ಬೇಕು. ದಕ್ಷಿಣ ಕೊಡಗಿನ ರೊಬಸ್ಟಾ ಪಾರ್ಚ್‌ಮೆಂಟ್‌ಗೆ, ಅಂದರೆ ಹಣ್ಣಿನ ತಿರುಳು ತೊಳೆದು ಒಳಸಿಪ್ಪೆಯೊಂದಿಗೆ ಒಣಗಿಸಿದ ಬೀಜಕ್ಕೆ, ಅಲ್ಲಿ ಹಳೆಯ ಗಿರಾಕಿಗಳಿದ್ದಾರೆ. ನಾರ್ವೆ, ಸ್ವೀಡನ್ ಕಡೆಯವರು ಎಳೆಯದಾಗಿ ಹುರಿದ ಅರೇಬಿಕಾವನ್ನು ಫಿಲ್ಟರ್‌ನಲ್ಲಿ ಇಳಿಸಿ ಕುಡಿಯುತ್ತಾರೆ. ಅವರಿಗೆ ಹುಳಿ, ಹಣ್ಣಿನ ಪರಿಮಳ ಬೇಕು. ಟರ್ಕಿಯಲ್ಲಿ ಪುಡಿ ಹಿಟ್ಟಿನಷ್ಟು ನುಣುಪಾಗಿರಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ಅತಿಥಿಗೆ ಕೊಡುವ ಕಹ್ವಾವನ್ನು ತೆಳುವಾಗಿ ಹುರಿದ ಬೀಜಕ್ಕೆ ಏಲಕ್ಕಿ ಸೇರಿಸಿ ಮಾಡುತ್ತಾರೆ. ಕಾಫಿಯೂ ಏಲಕ್ಕಿಯೂ ಒಂದೇ ತೋಟದಲ್ಲಿ ಇರುವ ನಮ್ಮ ಉತ್ತರ ಕೊಡಗಿನವರು ಈ ಒಂದು ಸಂಗತಿಯನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ. ಜಪಾನಿನಲ್ಲಿ ಮೊದಲ ಆರ್ಡರ್ ಬರುವುದು ನಿಧಾನ. ಬಂದ ಮೇಲೆ ಸಂಬಂಧ ಉಳಿಯುತ್ತದೆ, ಆದರೆ ಒಂದು ಲಾಟಿನಿಂದ ಇನ್ನೊಂದಕ್ಕೆ ಗುಣ ಕೂದಲೆಳೆಯಷ್ಟೂ ಬದಲಾಗಬಾರದು.

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. ಸ್ಟಾರ್‌ಬಕ್ಸ್ 2008ರಲ್ಲಿ ಆಸ್ಟ್ರೇಲಿಯಾದ ತನ್ನ 84 ಮಳಿಗೆಗಳ ಪೈಕಿ 61ನ್ನು ಮುಚ್ಚಿತು. ಇಟಲಿ, ಗ್ರೀಸ್‌ಗಳಿಂದ ಬಂದು ನೆಲಸಿದವರು ಅಲ್ಲಿ ಮೊದಲೇ ಎಸ್ಪ್ರೆಸೊ ಸಂಸ್ಕೃತಿ ಕಟ್ಟಿದ್ದರು. ಬೀದಿಗೊಂದು ಒಳ್ಳೆಯ ಕೆಫೆ ಇತ್ತು. ಕೆಲಾಗ್ಸ್ 1994ರಲ್ಲಿ ನಮ್ಮ ದೇಶಕ್ಕೆ ಬಂದಾಗ ತಣ್ಣನೆಯ ಹಾಲಿಗೆ ಮಾಡಿದ ಗರಿಗರಿ ಜೋಳದ ಚಕ್ಕೆ ನಮ್ಮ ಮನೆಗಳ ಬಿಸಿ ಹಾಲಿನಲ್ಲಿ ಮೆತ್ತಗಾಯಿತು. ಜನ ಆ ಪದಾರ್ಥವನ್ನು ದಿನವೂ ಹೇಗೆ ಬಳಸುತ್ತಾರೆ ಎಂಬುದನ್ನು ನೋಡದೆ ಒಳಗೆ ಕಾಲಿಡಬಾರದು ಎಂಬುದಕ್ಕೆ ಇವೆರಡು ಸಾಕು.

ಮಾಡಬೇಕಾದ್ದು ಇಷ್ಟು. ಮೂರು ದೇಶಗಳನ್ನು ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ನಾಲ್ಕು ಪ್ರಶ್ನೆಗೆ ಉತ್ತರ ತುಂಬಿ: ಅಲ್ಲಿ ಕಾಫಿಯನ್ನು ಹೇಗೆ ಕುಡಿಯುತ್ತಾರೆ, ನನ್ನಲ್ಲಿರುವ ಬೀಜ ಅದಕ್ಕೆ ಹೊಂದುತ್ತದೆಯೇ, ಆಮದು ಸುಂಕ ಎಷ್ಟು, ನನಗೆ ಅಲ್ಲಿ ಫೋನ್ ಮಾಡಿ ಮಾತನಾಡಬಲ್ಲ ಒಬ್ಬರಾದರೂ ಇದ್ದಾರೆಯೇ. ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದುಬೈಯಲ್ಲೋ ಮಸ್ಕತ್ತಿನಲ್ಲೋ ಕೆಲಸ ಮಾಡುವ ನೆಂಟರು ಸೂಪರ್‌ಮಾರ್ಕೆಟ್ಟಿನ ಕಾಫಿ ಕಪಾಟಿನ ನಾಲ್ಕು ಫೋಟೊ ತೆಗೆದು ಕಳುಹಿಸಿದರೆ, ಪ್ಯಾಕೆಟ್ಟಿನ ತೂಕ, ಬೆಲೆ, ಭಾಷೆ ಎಲ್ಲವೂ ಒಂದೇ ನೋಟದಲ್ಲಿ ತಿಳಿಯುತ್ತದೆ.

ಅಪಾಯದ ಸೂಚನೆ: ಆಯ್ದ ದೇಶದಲ್ಲಿ ನಿಮ್ಮ ಬೀಜವನ್ನು ಯಾವ ಪಾನೀಯಕ್ಕೆ ಬಳಸುತ್ತಾರೆ ಎಂದು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ಕೊಳ್ಳುವವರು ಯಾರು ಎಂದು ತೀರ್ಮಾನಿಸಿ

ದಾರಿಗಳು ನಾಲ್ಕು. ಭಾರತದ ರಫ್ತುದಾರರ ಮೂಲಕ ಕಳುಹಿಸುವುದು, ಹೊರದೇಶದ ಹುರಿಯುವವರಿಗೆ ನೇರವಾಗಿ ಹುರಿಯದ ಬೀಜ ಮಾರುವುದು, ಅಲ್ಲಿಯ ವಿತರಕರಿಗೆ ಹುರಿದ ಪ್ಯಾಕೆಟ್ ಕೊಡುವುದು, ಆನ್‌ಲೈನ್‌ನಲ್ಲಿ ಕುಡಿಯುವವರಿಗೇ ಪಾರ್ಸೆಲ್ ಕಳುಹಿಸುವುದು. ಇನ್ನೂ ಮುಂದಿನ ಮೆಟ್ಟಿಲುಗಳೂ ಇವೆ: ಅಲ್ಲಿಯೇ ಕಂಪನಿ ತೆರೆಯುವುದು, ಸ್ಥಳೀಯರೊಂದಿಗೆ ಪಾಲುದಾರಿಕೆ. ಅವು ಹತ್ತು ಇಪ್ಪತ್ತು ಎಕರೆಯವರ ಮಾತಲ್ಲ.

ನನ್ನ ಸ್ಪಷ್ಟ ಸಲಹೆ ಎರಡನೆಯ ದಾರಿ. ಕಾರಣಗಳನ್ನು ಕೇಳಿ. ಹುರಿದ ಕಾಫಿಗೆ ಆಯುಷ್ಯ ಕಡಿಮೆ. ಮಂಗಳೂರಿನಿಂದಲೋ ಕೊಚ್ಚಿಯಿಂದಲೋ ಹಡಗು ಹತ್ತಿ ಯುರೋಪಿನ ಅಂಗಡಿ ತಲುಪುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಅಲ್ಲಿಯ ಒಳ್ಳೆಯ ಕೆಫೆಯ ಗಿರಾಕಿ ಪ್ಯಾಕೆಟ್ಟಿನ ಮೇಲೆ ಮೊದಲು ನೋಡುವುದು ಹುರಿದ ದಿನಾಂಕವನ್ನು. ಹುರಿಯದ ಬೀಜವಾದರೆ ಸರಿಯಾಗಿ ಕಟ್ಟಿಟ್ಟಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಸುಂಕದಲ್ಲೂ ವ್ಯತ್ಯಾಸವಿದೆ: ಯುರೋಪಿಯನ್ ಒಕ್ಕೂಟದಲ್ಲಿ ಹುರಿಯದ ಬೀಜಕ್ಕೆ ಸುಂಕವಿಲ್ಲ, ಹುರಿದದ್ದಕ್ಕೆ ಸಾಮಾನ್ಯ ದರ ಶೇ 7.5. ಎಲ್ಲಕ್ಕಿಂತ ಮುಖ್ಯವಾಗಿ, ಆ ಊರಿನ ಹುರಿಯುವವರ ಮೇಲೆ ಆ ಊರಿನವರಿಗೆ ನಂಬಿಕೆ ಇರುತ್ತದೆ. ಅವರು ತಮ್ಮ ಪ್ಯಾಕೆಟ್ಟಿನ ಮೇಲೆ ನಿಮ್ಮ ತೋಟದ ಹೆಸರು, ಊರು, ಎತ್ತರ ಹಾಕಿದರೆ, ನೀವು ಹಣ ಕೊಟ್ಟರೂ ಸಿಗದ ಪ್ರಚಾರ ಅದು.

ಪ್ರಮಾಣವನ್ನೂ ಲೆಕ್ಕ ಹಾಕಿ. 60 ಕಿಲೋದ 320 ಮೂಟೆ, ಅಂದರೆ 19.2 ಟನ್ ಆದರೆ 20 ಅಡಿಯ ಒಂದು ಕಂಟೇನರ್ ತುಂಬುತ್ತದೆ. ಹೆಚ್ಚಿನ ಬೆಳೆಗಾರರಿಗೆ ಅಷ್ಟು ಒಂದೇ ಗುಣದ ಸರಕು ಇರುವುದಿಲ್ಲ. ಆಗ ರೈತ ಉತ್ಪಾದಕರ ಕಂಪನಿಯ ಮೂಲಕ ನಾಲ್ಕಾರು ತೋಟದವರು ಸೇರಿ ಕಳುಹಿಸಬಹುದು. ಪ್ರತಿ ತೋಟದ ಮೂಟೆಗೂ ಪ್ರತ್ಯೇಕ ಗುರುತು ಇರಬೇಕು. ಇಲ್ಲವೇ ಒಳ್ಳೆಯ ಸಣ್ಣ ಲಾಟನ್ನು ವಿಮಾನದಲ್ಲಿ ಕಳುಹಿಸಬಹುದು. ಬಾಡಿಗೆ ಹೆಚ್ಚು, ಆದ್ದರಿಂದ ಅದು ಬೆಲೆಬಾಳುವ ಬೀಜಕ್ಕೆ ಮಾತ್ರ.

ಹಂತ 3: ಆ ದೇಶದ ಬಾಗಿಲಲ್ಲಿ ತಡೆಯುವುದು ಏನು ಎಂದು ಮೊದಲೇ ತಿಳಿಯಿರಿ

ಮಾರಾಟ ಮುರಿದುಬೀಳುವುದು ಬಹುಮಟ್ಟಿಗೆ ಇಲ್ಲಿ. ರುಚಿ ಒಪ್ಪಿಗೆಯಾಗಿ, ಬೆಲೆ ನಿಗದಿಯಾಗಿ, ಕೊನೆಗೆ ಪ್ರಯೋಗಾಲಯದ ವರದಿ ಬಂದಾಗ ಎಲ್ಲವೂ ನಿಲ್ಲುತ್ತದೆ.

ಕೀಟನಾಶಕದ ಉಳಿಕೆ. ಬಿಳಿ ಕಾಂಡಕೊರಕಕ್ಕೂ ಹಿಟ್ಟು ತಿಗಣೆಗೂ ನಮ್ಮ ತೋಟಗಳಲ್ಲಿ ವರ್ಷಾನುಗಟ್ಟಲೆ ಕ್ಲೋರ್‌ಪೈರಿಫಾಸ್ ಬಳಸುತ್ತ ಬಂದಿದ್ದೇವೆ. ಯುರೋಪಿಯನ್ ಒಕ್ಕೂಟ 2020ರಲ್ಲಿ ಅದರ ಅನುಮತಿಯನ್ನು ನವೀಕರಿಸಲಿಲ್ಲ, ಕಿಲೋಗೆ 0.01 ಮಿಲಿಗ್ರಾಂ ಮೀರಿದರೆ ಸರಕು ಗಡಿ ದಾಟದು. ಪ್ರತ್ಯೇಕ ಮಿತಿ ನಿಗದಿಯಾಗದ ರಾಸಾಯನಿಕಗಳಿಗೆ ಜಪಾನಿನಲ್ಲೂ 2006ರಿಂದ ಇದೇ 0.01ರ ಮಿತಿ. ಆದ್ದರಿಂದ ಹೊರದೇಶಕ್ಕೆ ಎಂದು ಮೀಸಲಿಟ್ಟ ಬ್ಲಾಕಿನಲ್ಲಿ ಏನು ಸಿಂಪಡಿಸುತ್ತೀರಿ ಎಂಬ ತೀರ್ಮಾನ ಕೊಯ್ಲಿಗೆ ಒಂದು ವರ್ಷ ಮೊದಲೇ ಆಗಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರನ್ನು ಕೇಳಿ ಪರ್ಯಾಯ ತಿಳಿದುಕೊಳ್ಳಿ. ಪಕ್ಕದ ತೋಟದ ಸಿಂಪಡಣೆ ಗಾಳಿಯಲ್ಲಿ ಬರುವ ಅಂಚಿನ ಸಾಲುಗಳನ್ನು ಈ ಲಾಟಿಗೆ ಸೇರಿಸಬೇಡಿ.

ಬೂಷ್ಟು ವಿಷ. ಓಕ್ರಾಟಾಕ್ಸಿನ್ ಎಂಬ ಶಿಲೀಂಧ್ರ ವಿಷಕ್ಕೆ ಯುರೋಪಿನಲ್ಲಿ ಹುರಿದ ಕಾಫಿಯಲ್ಲಿ ಕಿಲೋಗೆ 3 ಮೈಕ್ರೋಗ್ರಾಂ ಮಿತಿ. ಅದು ಬರುವುದು ಸರಿಯಾಗಿ ಒಣಗದ, ಮಣ್ಣಿನ ಕಣದಲ್ಲಿ ರಾಶಿ ಬಿದ್ದು ಬೆವೆತ ಚೆರ್ರಿಯಿಂದ, ಅಂದರೆ ಹಣ್ಣಾಗಿಯೇ ಒಣಗಿಸುವ ಕಾಫಿಯಿಂದ. ಜನವರಿಯಲ್ಲಿ ಅಕಾಲಿಕ ಮಳೆ ಬಿದ್ದು ಕಣದ ಮೇಲೆಯೇ ನೆನೆದ ರಾಶಿ ಎಷ್ಟೇ ಚೆನ್ನಾಗಿ ಕಂಡರೂ ಹೊರದೇಶದ ಲಾಟಿಗೆ ಬೇಡ.

ಅರಣ್ಯನಾಶದ ಕಾನೂನು. ಯುರೋಪಿಯನ್ ಒಕ್ಕೂಟದ 2023ರ ಈ ಕಾನೂನು ಕಾಫಿಗೂ ಅನ್ವಯ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋರಿಸಬೇಕು, ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರ್ ಮೀರಿದ ತುಂಡಾದರೆ ಗಡಿರೇಖೆಯನ್ನೇ ಗುರುತಿಸಿ ಕೊಡಬೇಕು. ಜಾರಿಯ ದಿನಾಂಕ ಎರಡು ಬಾರಿ ಮುಂದೆ ಹೋಗಿದೆ ನಿಜ. ಕೊಳ್ಳುವವರು ಮಾತ್ರ ಈಗಲೇ ಕೇಳುತ್ತಿದ್ದಾರೆ. ಜಮೀನಿನ ಹಕ್ಕಿನ ದಾಖಲೆಯನ್ನೂ ಕೇಳುತ್ತಾರೆ. ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿನೊಂದಿಗೆ ಕುಟುಂಬದ ಹಲವರ ಹೆಸರು ಇರುವುದು ಕೊಡಗಿನಲ್ಲಿ ಸಾಮಾನ್ಯ. ಹ್ಯಾಂಬರ್ಗಿನಲ್ಲಿ ಕುಳಿತವರಿಗೆ ಅದು ಅರ್ಥವಾಗುವುದಿಲ್ಲ. ಯಾರ ಸ್ವಾಧೀನದಲ್ಲಿ ಯಾವ ತುಂಡು ಇದೆ ಎಂಬುದನ್ನು ಕುಟುಂಬದವರೆಲ್ಲ ಸಹಿ ಹಾಕಿದ ಒಂದು ಪುಟದಲ್ಲಿ ಬರೆಸಿ, ಇಂಗ್ಲಿಷ್ ಅನುವಾದದೊಂದಿಗೆ ಇಟ್ಟುಕೊಳ್ಳಿ. ಆರ್ಡರ್ ಬಂದ ಮೇಲೆ ಇದಕ್ಕೆ ಓಡಾಡಿದರೆ ಆರ್ಡರ್ ಕಾಯುವುದಿಲ್ಲ.

ಅಮೆರಿಕ. ಆಹಾರ ಇಲಾಖೆಯಲ್ಲಿ ನಿಮ್ಮ ಸಂಸ್ಕರಣಾ ಘಟಕದ ನೋಂದಣಿ, ಅಲ್ಲೊಬ್ಬ ಪ್ರತಿನಿಧಿ, ಪ್ರತಿ ಸರಕಿಗೂ ಮುಂಗಡ ಸೂಚನೆ ಬೇಕು. ನೋಂದಣಿಯನ್ನು ಸಮಸಂಖ್ಯೆಯ ವರ್ಷಗಳಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ನವೀಕರಿಸಬೇಕು. ಮರೆತರೆ ಅದು ರದ್ದಾದಂತೆಯೇ. 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತುಹೋಗಿದೆ. ಆ ವಿನಾಯಿತಿಯನ್ನು ನಂಬಿ ಬರೆದ ಹಳೆಯ ಸಲಹೆಗಳು ಈಗಲೂ ಓಡಾಡುತ್ತಿವೆ, ಎಚ್ಚರ.

ಹಂತ 4: ನಮ್ಮ ಕಡೆಯ ಕಾಗದ

ಇದು ಜನ ಹೆದರುವಷ್ಟು ಕಷ್ಟವಲ್ಲ. ವಿದೇಶ ವ್ಯಾಪಾರ ನಿರ್ದೇಶನಾಲಯದಿಂದ ಐಇಸಿ (ಆಮದು-ರಫ್ತು ಸಂಕೇತ) ಸಂಖ್ಯೆ, ಜಿಎಸ್‌ಟಿಯಲ್ಲಿ ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ, ರಫ್ತಿನ ಹಣ ಬರುವ ಬ್ಯಾಂಕನ್ನು ಕಸ್ಟಮ್ಸ್‌ಗೆ ಗುರುತಿಸುವ ಎಡಿ ಕೋಡ್ ಆ ಬ್ಯಾಂಕಿನಿಂದ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ, ಬೆಂಗಳೂರಿನ ಕಾಫಿ ಮಂಡಳಿಯಲ್ಲಿ ರಫ್ತುದಾರರ ನೋಂದಣಿ. ಪ್ರತಿ ಸರಕಿಗೂ ಮಂಡಳಿಯ ಪರವಾನಗಿ ಮತ್ತು ಮೂಲ ಪ್ರಮಾಣಪತ್ರ ಪ್ರತ್ಯೇಕ. ಮೆಣಸು, ಏಲಕ್ಕಿಗೆ ಕೊಚ್ಚಿಯಲ್ಲಿರುವ ಸಂಬಾರ ಮಂಡಳಿ, ಜೇನಿಗೆ ಕೃಷಿ ಉತ್ಪನ್ನಗಳ ರಫ್ತು ಪ್ರಾಧಿಕಾರವಾದ ಅಪೆಡಾ. ಐಇಸಿಯನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ದೃಢೀಕರಿಸಬೇಕು, ಎಲ್‌ಯುಟಿಯನ್ನು ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಸಲ್ಲಿಸಬೇಕು.

ಸಣ್ಣ ಪಾರ್ಸೆಲ್‌ಗಳಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ವ್ಯವಸ್ಥೆ ಇದೆ. ಮಾದರಿ ಕಳುಹಿಸಲು ಅನುಕೂಲ.

ಹಂತ 5: ಮಾದರಿ ಕಳುಹಿಸುವುದು

ಹೊರದೇಶದ ಹುರಿಯುವವರು ನಿಮ್ಮ ಲೋಗೊವನ್ನಲ್ಲ, ಮಾದರಿಯನ್ನು ನೋಡಿ ತೀರ್ಮಾನಿಸುತ್ತಾರೆ. ಇಲ್ಲಿ ಅವಸರ ಬೇಡ.

ಕಾಲ ನೋಡಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಒಣಗಿದ ಪಾರ್ಚ್‌ಮೆಂಟನ್ನು ಕೆಲವು ವಾರ ಹಾಗೆಯೇ ಇಟ್ಟು, ಆಮೇಲೆ ಸಿಪ್ಪೆ ತೆಗೆಸಿ, ಏಪ್ರಿಲ್ ಒಳಗೆ ಮಾದರಿ ಹೊರಡಬೇಕು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮಡಿಕೇರಿಯ ಗಾಳಿಯೇ ನೀರು. ಸಿಪ್ಪೆ ತೆಗೆದ ಬೀಜ ಅದನ್ನು ಹೀರಿಕೊಂಡು ಬಿಳಿಚುತ್ತದೆ, ಬಣ್ಣದ ಜೊತೆ ಪರಿಮಳವೂ ಹೋಗುತ್ತದೆ. ಆಗಸ್ಟ್‌ನಲ್ಲಿ ಗೋದಾಮಿನಿಂದ ಕೈಗೆ ಸಿಕ್ಕ ಬೀಜವನ್ನು ಮಾದರಿಯಾಗಿ ಕಳುಹಿಸಿ ಉತ್ತರ ಬಂದಿಲ್ಲ ಎಂದು ಕೊರಗುವವರು ಬಹಳ.

ಪ್ರಮಾಣ 300 ಗ್ರಾಂ ಸಾಕು. ತೇವಾಂಶ ಅರೇಬಿಕಾಕ್ಕೂ ತೊಳೆದ ರೊಬಸ್ಟಾಕ್ಕೂ ಶೇ 10ರ ಆಸುಪಾಸಿನಲ್ಲಿರಲಿ. ಒಡೆದದ್ದು, ಕಪ್ಪಗಾದದ್ದು, ಕೊರೆದದ್ದನ್ನು ಆರಿಸಿ ತೆಗೆಯಿರಿ. ಆದರೆ ಲಾಟಿನಲ್ಲಿ ಇಲ್ಲದ ಅಂದವನ್ನು ಮಾದರಿಗೆ ತರಬೇಡಿ. ಕೈಯಿಂದ ಒಂದೊಂದೇ ಆರಿಸಿದ ಮಾದರಿ ಕಳುಹಿಸಿ, ಯಂತ್ರದಲ್ಲಿ ಮಾತ್ರ ಆರಿಸಿದ ಸರಕು ಕೊಟ್ಟರೆ ಸಂಬಂಧ ಅಲ್ಲಿಗೇ ಮುಗಿಯಿತು.

ಚೀಲದ ಮೇಲಿನ ಚೀಟಿಯಲ್ಲಿ ಇರಬೇಕಾದದ್ದು: ತೋಟದ ಹೆಸರು, ಊರು, ಎತ್ತರ ಮೀಟರ್‌ನಲ್ಲಿ, ತಳಿ, ಸಂಸ್ಕರಣೆಯ ವಿಧಾನ, ಕೊಯ್ದ ತಿಂಗಳು, ತೇವಾಂಶ, ಜರಡಿ ಗಾತ್ರ, ಲಾಟಿನ ಸಂಖ್ಯೆ, ಒಟ್ಟು ಎಷ್ಟು ಕಿಲೋ ಲಭ್ಯ. ಎತ್ತರವನ್ನು ಅಡಿಯಲ್ಲಿ ಬರೆಯುವ ನಮ್ಮ ಅಭ್ಯಾಸ ಅಲ್ಲಿ ಗೊಂದಲ ತರುತ್ತದೆ. ಅದೇ ಲಾಟಿನ ಅಷ್ಟೇ ತೂಕದ ಇನ್ನೊಂದು ಚೀಲಕ್ಕೆ ಮೊಹರು ಹಾಕಿ ನಿಮ್ಮ ಬಳಿ ಇಟ್ಟುಕೊಳ್ಳಿ. "ಬಂದ ಸರಕು ಮಾದರಿಯಂತಿಲ್ಲ" ಎಂಬ ಮಾತು ಎದ್ದರೆ ಆಗ ಅದೊಂದೇ ಸಾಕ್ಷಿ. ಹುರಿಯದ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೇ ಎಂದು ಕಳುಹಿಸುವ ಮೊದಲೇ ಆ ಕಡೆಯವರನ್ನು ಕೇಳಿ.

ಕಳುಹಿಸುವ ಮುನ್ನ ನೀವೇ ಹುರಿದು ಕುಡಿಯಿರಿ. ಹಾಲು, ಸಕ್ಕರೆ, ಚಿಕೋರಿ ಇಲ್ಲದೆ. ಸ್ವಂತ ತೋಟದ ಕಾಫಿಯನ್ನು ಹಾಗೆ ಒಮ್ಮೆಯೂ ಕುಡಿಯದವರು ನಮ್ಮಲ್ಲಿ ಹೆಚ್ಚು. ಅದರ ರುಚಿ ಏನು ಎಂದು ಹೇಳಲಾಗದವರು ಅದನ್ನು ಮಾರಲಾರರು.

ಹಂತ 6: ಬೆಲೆಯನ್ನು ಅಂಗಡಿಯಿಂದ ತೋಟಕ್ಕೆ ಹಿಂದಕ್ಕೆ ಲೆಕ್ಕ ಹಾಕಿ

ನಾವು ಮುಂದಕ್ಕೆ ಲೆಕ್ಕ ಹಾಕುತ್ತೇವೆ: ಖರ್ಚು ಇಷ್ಟು, ಲಾಭ ಇಷ್ಟು, ಹಾಗಾಗಿ ಬೆಲೆ ಇಷ್ಟು. ಹೊರದೇಶದಲ್ಲಿ ಇದು ನಡೆಯುವುದಿಲ್ಲ, ಏಕೆಂದರೆ ನಡುವೆ ಹಲವು ಕೈಗಳಿವೆ.

ಜರ್ಮನಿಗೆ ಹುರಿದ 250 ಗ್ರಾಂ ಪ್ಯಾಕೆಟ್ ಕಳುಹಿಸುವ ಲೆಕ್ಕ ನೋಡಿ. ಸುಲಭಕ್ಕೆ ಯೂರೋಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಬಾಡಿಗೆ ಮತ್ತು ಲಾಭದ ಅಂಕಿಗಳೂ ಉದಾಹರಣೆಗೆ ಮಾತ್ರ. ತೋಟದ ಬಾಗಿಲಲ್ಲಿ ಬೆಲೆ 3 ಯೂರೋ. ಸಾಗಣೆ, ವಿಮೆ ಸೇರಿ 1 ಯೂರೋ, ಮೊತ್ತ 4. ಸುಂಕ ಶೇ 7.5, ಅಂದರೆ 0.30. ಅದರ ಮೇಲೆ ಜರ್ಮನಿಯ ಕಾಫಿ ತೆರಿಗೆ: ಹುರಿದ ಕಾಫಿಗೆ ಕಿಲೋಗೆ 2.19 ಯೂರೋ, ನಮ್ಮ ಪ್ಯಾಕೆಟ್ಟಿಗೆ 0.55. ಮೊತ್ತ 4.85. ಆಮದುದಾರರು ಶೇ 25 ಸೇರಿಸಿದರೆ 6.06, ಅಂಗಡಿಯವರು ಶೇ 40 ಸೇರಿಸಿದರೆ 8.49, ಮೌಲ್ಯವರ್ಧಿತ ತೆರಿಗೆ ಶೇ 7 ಸೇರಿ 9 ಯೂರೋ ದಾಟಿತು. ತೋಟದಲ್ಲಿ 300 ರೂಪಾಯಿಯದ್ದು ಅಲ್ಲಿ 900 ಆಯಿತು. ಆದ್ದರಿಂದ ಅಲ್ಲಿಯ ಅಂಗಡಿಯ ಬೆಲೆಯಿಂದ ಶುರುಮಾಡಿ, ಇವುಗಳನ್ನು ಒಂದೊಂದಾಗಿ ಕಳೆಯುತ್ತ ತೋಟದ ಬೆಲೆಗೆ ಬನ್ನಿ. ಈ ಬೆಲೆಗೆ ಅದು ಸೂಪರ್‌ಮಾರ್ಕೆಟ್ಟಿನ ದೊಡ್ಡ ಬ್ರಾಂಡುಗಳ ಪಕ್ಕದಲ್ಲಿ ನಿಲ್ಲದು. ತೋಟದ ಹೆಸರು ನೋಡಿ ಕೊಳ್ಳುವ ವಿಶೇಷ ಕಾಫಿಯ ಅಂಗಡಿಯಲ್ಲಿ ಮಾತ್ರ ನಿಂತೀತು. ಅಲ್ಲಿ ಗಿರಾಕಿ ಹುರಿದ ದಿನಾಂಕ ನೋಡುತ್ತಾನೆ. ಎರಡನೆಯ ಹಂತದಲ್ಲಿ ಹುರಿಯದ ಬೀಜವನ್ನೇ ಮಾರಿ ಎಂದು ಹೇಳಿದ್ದು ಈ ಕಾರಣಕ್ಕೆ.

ಹುರಿಯದ ಬೀಜದ ಬೆಲೆ ಹೇಳುವಾಗ ನಮ್ಮ ಊರಿನ ಭಾಷೆ ಬಿಡಿ. 50 ಕಿಲೋ ಚೆರ್ರಿ ಮೂಟೆ, ಔಟ್‌ಟರ್ನ್ (ಅದರಿಂದ ಸಿಗುವ ಸಿಪ್ಪೆ ತೆಗೆದ ಬೀಜದ ಕಿಲೋ) 26, ಪಾಯಿಂಟಿಗೆ ಇಷ್ಟು ಎಂಬುದು ಸಿದ್ದಾಪುರದ ವ್ಯಾಪಾರಿಗೆ ತಿಳಿಯುತ್ತದೆ, ಸಿಯೋಲಿನವರಿಗಲ್ಲ. ಅವರ ಕಣ್ಣು ಅರೇಬಿಕಾಕ್ಕೆ ನ್ಯೂಯಾರ್ಕ್ ಮಾರುಕಟ್ಟೆಯ ಮೇಲೆ, ಪೌಂಡಿಗೆ ಸೆಂಟ್ ಲೆಕ್ಕ. ರೊಬಸ್ಟಾಕ್ಕೆ ಲಂಡನ್ ಮೇಲೆ, ಟನ್ನಿಗೆ ಡಾಲರ್ ಲೆಕ್ಕ. ನೀವು ಕಿಲೋಗೆ ಡಾಲರ್‌ನಲ್ಲಿ, ಬಂದರಿನವರೆಗಿನ ಖರ್ಚು ಸೇರಿಸಿ, ಅಂದರೆ ಎಫ್‌ಒಬಿ ಬೆಲೆ ಹೇಳಿ. ಬೆಲೆ ಎಷ್ಟು ದಿನ ಊರ್ಜಿತ ಎಂದು ಪಕ್ಕದಲ್ಲೇ ಬರೆಯಿರಿ. ಮಾರುಕಟ್ಟೆ ಏರಿದಾಗ ಮಾತು ತಪ್ಪಿ ಸರಕನ್ನು ಸ್ಥಳೀಯ ವ್ಯಾಪಾರಿಗೆ ಕೊಟ್ಟುಬಿಡುವುದು ನಮ್ಮಲ್ಲಿ ನಡೆದಿದೆ. ಅದರಿಂದ ಕೆಡುವುದು ಒಬ್ಬರ ಹೆಸರಲ್ಲ, ಇಡೀ ಕೊಡಗಿನದು.

ಹಂತ 7: ಹೆಸರು, ಹಕ್ಕು, ಬರಹ

ಈಗ ಬರವಣಿಗೆಯ ಸರದಿ. ಇದರಲ್ಲೂ ಕಾನೂನು ಮೊದಲು, ಅಂದ ಆಮೇಲೆ.

"ಕೂರ್ಗ್ ಅರೇಬಿಕಾ ಕಾಫಿ" 2019ರಲ್ಲಿ ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದೆ. ಅದನ್ನು ಬಳಸಲು ಅಧಿಕೃತ ಬಳಕೆದಾರರಾಗಿ ಹೆಸರು ಸೇರಿಸಿಕೊಳ್ಳಿ. ನೆನಪಿಡಿ, ಅದು ಅರೇಬಿಕಾಕ್ಕೆ ಮಾತ್ರ. ಜಿಲ್ಲೆಯ ಬಹುಪಾಲು ತೋಟಗಳಲ್ಲಿ ಇರುವುದು ರೊಬಸ್ಟಾ. ಅವರು ಆ ಗುರುತು ಹಾಕುವಂತಿಲ್ಲ. ಊರಿನ ಹೆಸರನ್ನೇ ಒಬ್ಬರ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವುದೂ ಆಗದ ಕೆಲಸ. ತೋಟದ ಹೆಸರನ್ನೋ ಬೇರೆ ವಿಶಿಷ್ಟ ಹೆಸರನ್ನೋ 30ನೇ ವರ್ಗದಲ್ಲಿ ನೋಂದಾಯಿಸಿ. ಟ್ರೇಡ್‌ಮಾರ್ಕ್ ಒಂದು ದೇಶದಲ್ಲಿ ಸಿಕ್ಕರೆ ಅಲ್ಲಿಗಷ್ಟೇ. ಭಾರತ 2013ರಲ್ಲಿ ಮ್ಯಾಡ್ರಿಡ್ ವ್ಯವಸ್ಥೆಗೆ ಸೇರಿರುವುದರಿಂದ ಒಂದೇ ಅರ್ಜಿಯಲ್ಲಿ ಹಲವು ದೇಶ ಕೇಳಬಹುದು. ವಿತರಕರೇ ತಮ್ಮ ದೇಶದಲ್ಲಿ ನಿಮ್ಮ ಹೆಸರನ್ನು ತಮ್ಮದೆಂದು ನೋಂದಾಯಿಸಿಕೊಳ್ಳುವುದನ್ನು ತಡೆಯಲು ಅಲ್ಲಿ ನೀವೇ ಮೊದಲು ನೋಂದಾಯಿಸಿಕೊಳ್ಳಿ. ಚೀನಾದಲ್ಲಂತೂ ಮೊದಲು ಅರ್ಜಿ ಹಾಕಿದವರದೇ ಹಕ್ಕು.

"ಸಾವಯವ" ಎಂಬ ಪದ ಬರೆಯಲು ಆ ದೇಶ ಒಪ್ಪುವ ಪ್ರಮಾಣಪತ್ರ ಬೇಕು. ನಮ್ಮ ದೇಶದ ಸಾವಯವ ಪ್ರಮಾಣವಾದ ಎನ್‌ಪಿಒಪಿಗೆ ಕೊಟ್ಟಿದ್ದ ಮಾನ್ಯತೆಯನ್ನು ಅಮೆರಿಕ 2021ರಲ್ಲಿ ಹಿಂತೆಗೆದುಕೊಂಡಿತು. ಅಲ್ಲಿಗೆ ಅವರದೇ ಪ್ರಮಾಣಪತ್ರ ಬೇಕು. ಚಿಕೋರಿ ಬೆರೆಸಿದ್ದರೆ ಬೆರೆಸಿದ್ದೇವೆ ಎಂದು ಸ್ಪಷ್ಟವಾಗಿ ಬರೆಯಿರಿ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಂಥ ಕೆಲವು ಕಡೆ ಅದನ್ನು ಬಯಸಿ ಕುಡಿಯುತ್ತಾರೆ, ಉಳಿದ ಕಡೆ ಕಲಬೆರಕೆ ಎಂದು ತಿಳಿಯುತ್ತಾರೆ. ಕೊಲ್ಲಿ ರಾಷ್ಟ್ರಗಳಿಗೆ ಅರೇಬಿಕ್ ಬರಹ, ತಯಾರಿಕೆಯ ಮತ್ತು ಮುಗಿಯುವ ದಿನಾಂಕ ಕಡ್ಡಾಯ. ಯುರೋಪಿನಲ್ಲಿ ಮಾರುವ ದೇಶದ ಭಾಷೆ ಇರಬೇಕು. ಅನುವಾದವನ್ನು ಮೊಬೈಲ್ ಆ್ಯಪ್‌ಗೆ ಬಿಡಬೇಡಿ. ಆ ಭಾಷೆಯವರೊಬ್ಬರು ಓದಿ ಒಪ್ಪಲಿ.

ಇನ್ನು ಕಥೆ. "ಭಾರತದ ಸ್ಕಾಟ್ಲೆಂಡ್" ಎಂಬುದು ಪ್ರವಾಸಿಗರಿಗೆ ಹೇಳುವ ಮಾತು. ಕಾಫಿ ಕೊಳ್ಳುವವರಿಗೆ ಅದು ಏನನ್ನೂ ತಿಳಿಸುವುದಿಲ್ಲ. ನಮ್ಮಲ್ಲಿ ನಿಜವಾಗಿ ಹೇಳಬೇಕಾದ ಸಂಗತಿ ನೆರಳು. ಬ್ರೆಜಿಲ್‌ನ ಬಹುಪಾಲು ಕಾಫಿ ಬಯಲಿನ ಬಿಸಿಲಿನಲ್ಲಿ ಬೆಳೆಯುತ್ತದೆ. ನಮ್ಮದು ಮರಗಳ ಕೆಳಗೆ, ಮೆಣಸಿನ ಬಳ್ಳಿಯ ಜೊತೆ. ಹಾಗೆಂದು ಬರೆದರೆ ಸಾಲದು. ತೋಟದಲ್ಲಿ ಯಾವ ಯಾವ ಮರ ಎಷ್ಟಿವೆ ಎಂಬ ಪಟ್ಟಿ, ಅದೇ ಬ್ಲಾಕಿನ ಬೇಸಿಗೆಯ ಮತ್ತು ಮಳೆಗಾಲದ ಫೋಟೊ ಕೊಡಿ. ಕಾಡುಮರ ಕಡಿದು ಸಿಲ್ವರ್ ಓಕ್ ಮಾತ್ರ ಉಳಿಸಿದ ತೋಟದವರು ಈ ಹಕ್ಕನ್ನು ಹೇಳಿಕೊಳ್ಳಬಾರದು. ಉಪಗ್ರಹ ಚಿತ್ರದಲ್ಲಿ ಎಲ್ಲವೂ ಕಾಣುತ್ತದೆ. ಕಾರ್ಮಿಕರ ಬಗ್ಗೆಯೂ ಪ್ರಶ್ನೆ ಬರುತ್ತದೆ: ಲೈನ್ ಮನೆಗಳ ಸ್ಥಿತಿ, ಕೂಲಿ, ಮಕ್ಕಳ ಶಾಲೆ. ಉತ್ತರ ಸರಿಯಿಲ್ಲದಿದ್ದರೆ ಪ್ಯಾಕೆಟ್ಟಿನ ಮೇಲೆ ಬರೆಯುವ ಮೊದಲು ಮನೆಗಳನ್ನು ಸರಿಮಾಡಿಸಿ.

ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದ ಕಾಫಿಯನ್ನು ಮುಂದಿಟ್ಟುಕೊಂಡು ಹೋಗಬೇಡಿ. ಪಂಜರದಲ್ಲಿ ಪ್ರಾಣಿ ಇಟ್ಟು ಮಾಡುವ ದಂಧೆಯ ಬಗ್ಗೆ ಹೊರಗೆ ಬಹಳ ಆಕ್ರೋಶವಿದೆ. ನಿಮ್ಮದು ಕಾಡಿನಲ್ಲೇ ಆರಿಸಿದ್ದಾದರೂ ನಂಬಿಸುವುದು ಕಷ್ಟ, ಉಳಿದ ಕಾಫಿಗೂ ಮಸಿ ಅಂಟುತ್ತದೆ.

ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿ ಮಾರಲು ಬಯಸುವವರು ಬಹಳ ಜನ ಕೇಳುವುದರಿಂದ ಒಂದು ಮಾತು. ಹೊರಗಿನವರಿಗೆ ಅದನ್ನು ಹಾಕಿ ಮಾಡುವ ಪಂದಿ ಕರಿಯ, ಅಂದರೆ ನಮ್ಮ ಹಂದಿ ಮಾಂಸದ ಅಡುಗೆಯ, ನೆನಪಿಲ್ಲ. ಹೆಸರು ಹಾಗೇ ಇರಲಿ. ಅದರ ಕೆಳಗೆ ಅದನ್ನು ಯಾವುದಕ್ಕೆ ಎಷ್ಟು ಹನಿ ಹಾಕಬೇಕು ಎಂದು ಅವರ ಅಡುಗೆಯ ಉದಾಹರಣೆಯಿಂದ ಬರೆಯಿರಿ. ಅಂಗಡಿಗಿಂತ ಮೊದಲು ಬಾಣಸಿಗರಿಗೆ ಕೊಡಿ.

ಹಂತ 8: ಕೊಳ್ಳುವವರನ್ನು ಹುಡುಕುವುದು

ನೂರು ಜನರಿಗೆ ಒಂದೇ ಪತ್ರ ಕಳುಹಿಸಬೇಡಿ. ಆಯ್ದ ದೇಶದ ಹತ್ತು ಹುರಿಯುವವರನ್ನು ಗುರುತಿಸಿ, ಅವರ ಪಟ್ಟಿಯಲ್ಲಿ ಈಗ ಯಾವ ಯಾವ ದೇಶದ ಕಾಫಿ ಇದೆ ಎಂದು ಓದಿ, ಆಮೇಲೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆಯಿರಿ. ಪತ್ರ ಇಷ್ಟೇ ಉದ್ದವಿರಲಿ:

"ನಮ್ಮ ತೋಟ ದಕ್ಷಿಣ ಭಾರತದ ಕೊಡಗಿನಲ್ಲಿ, 900 ಮೀಟರ್ ಎತ್ತರದಲ್ಲಿ, ಮರಗಳ ನೆರಳಿನಲ್ಲಿದೆ. ಈ ಫೆಬ್ರವರಿಯಲ್ಲಿ ಕೊಯ್ದ 600 ಕಿಲೋ ತೊಳೆದ ರೊಬಸ್ಟಾ ಇದೆ. ಜರಡಿ 17ರ ಮೇಲೆ, ತೇವಾಂಶ ಶೇ 10. ನಿಮ್ಮ ಎಸ್ಪ್ರೆಸೊ ಮಿಶ್ರಣದಲ್ಲಿ ತೊಳೆದ ರೊಬಸ್ಟಾ ಬಳಸುತ್ತೀರಿ ಎಂದು ನೋಡಿದೆ. ಉಳಿಕೆ ಪರೀಕ್ಷೆಯ ವರದಿ ಮತ್ತು ತೋಟದ ನಕ್ಷೆ ಸಿದ್ಧವಿವೆ. 300 ಗ್ರಾಂ ಮಾದರಿ ಕಳುಹಿಸಬಹುದೇ?"

ಅಜ್ಜನ ಕಾಲದ ಇತಿಹಾಸ, ಹತ್ತು ಫೋಟೊ, ಭಾರವಾದ ಕಡತ ಯಾವುದೂ ಬೇಡ. ಉತ್ತರ ಬಾರದಿದ್ದರೆ ಎರಡು ವಾರದ ನಂತರ ಒಮ್ಮೆ ನೆನಪಿಸಿ, ಅಷ್ಟಕ್ಕೆ ಬಿಡಿ.

ಮೇಳಗಳಿಗೆ ಹೋಗುವುದು ಮಾದರಿ, ಬೆಲೆ, ವರದಿ ಸಿದ್ಧವಾದ ಮೇಲೆ. ದುಬೈಯ ಗಲ್ಫುಡ್, ಯುರೋಪಿನ ವರ್ಲ್ಡ್ ಆಫ್ ಕಾಫಿಯಂಥ ಮೇಳಗಳಲ್ಲಿ ಕಾಫಿ ಮಂಡಳಿ ಪಾಲ್ಗೊಳ್ಳುವಾಗ ಅದರ ಮಳಿಗೆಯಲ್ಲಿ ಜಾಗ ಕೇಳಿ. ಸ್ವಂತ ಮಳಿಗೆಯ ಬಾಡಿಗೆ ದೊಡ್ಡದು. ಹೊರಡುವ ಮೊದಲೇ ಭೇಟಿಗಳನ್ನು ಗೊತ್ತುಮಾಡಿಕೊಳ್ಳದೆ ಹೋದರೆ ಭೇಟಿ ಚೀಟಿಗಳ ಕಟ್ಟು ಮಾತ್ರ ಕೈಗೆ ಬರುತ್ತದೆ. ಮಂಡಳಿ ನಡೆಸುವ ಕಾಫಿ ರುಚಿ ಸ್ಪರ್ಧೆಗೆ ಮಾದರಿ ಕೊಡುವುದು ಅಗ್ಗದ ದಾರಿ: ರುಚಿ ಪರೀಕ್ಷಕರ ಅಂಕ ಸಿಗುತ್ತದೆ, ಆ ಅಂಕವನ್ನು ಪತ್ರದಲ್ಲಿ ಬರೆಯಬಹುದು.

ಹಂತ 9: ಹಣ, ಒಪ್ಪಂದ, ಮೋಸದ ಗುರುತುಗಳು

ಮೊದಲ ಸರಕಿಗೆ ಪೂರ್ತಿ ಮುಂಗಡ, ಇಲ್ಲವೇ ಅರ್ಧ ಮುಂಗಡ ಮತ್ತು ಉಳಿದದ್ದು ಹಡಗಿನ ದಾಖಲೆಯ ಪ್ರತಿ ತಲುಪಿದ ಕೂಡಲೇ. ಮೊತ್ತ ದೊಡ್ಡದಾದರೆ ಎಲ್‌ಸಿ, ಅಂದರೆ ಹಣ ಪಾವತಿಗೆ ಕೊಳ್ಳುವವರ ಬ್ಯಾಂಕ್ ಕೊಡುವ ಖಾತರಿ ಪತ್ರ, ಕೇಳಿ, ನಿಮ್ಮ ಬ್ಯಾಂಕಿನವರು ಅದರ ಪ್ರತಿ ಸಾಲನ್ನೂ ಓದಲಿ. ತೋಟದ ಹೆಸರಿನ ಒಂದು ಅಕ್ಷರ ವ್ಯತ್ಯಾಸವಾದರೂ ಹಣ ನಿಲ್ಲುತ್ತದೆ. ಸಾಲಕ್ಕೆ ಕೊಡಲೇಬೇಕಾದರೆ ರಫ್ತಿನ ಹಣ ಬಾರದಿದ್ದರೆ ನಷ್ಟ ತುಂಬುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆ ಮಾಡಿಸಿ.

ಈ ಲಕ್ಷಣ ಕಂಡರೆ ನಿಲ್ಲಿ: ಮಾದರಿ ಕೇಳದೆ ಮೂರು ಕಂಟೇನರ್ ಬೇಕು ಎನ್ನುವವರು; ಆಮದು ನೋಂದಣಿಗೆಂದು ನಿಮ್ಮಿಂದಲೇ ಮೊದಲು ಶುಲ್ಕ ಕೇಳುವವರು; ಇನ್‌ವಾಯ್ಸ್‌ನಲ್ಲಿ ಬೆಲೆ ಕಡಿಮೆ ತೋರಿಸಿ ಎನ್ನುವವರು; ಕನಿಷ್ಠ ಪ್ರಮಾಣದ ಮಾತಿಲ್ಲದೆ ಇಡೀ ಯುರೋಪಿನ ಏಕೈಕ ಮಾರಾಟದ ಹಕ್ಕು ಕೇಳುವವರು. ವ್ಯವಹಾರದ ನಡುವೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಇಮೇಲ್ ನಿಮ್ಮ ಹೆಸರಿನಲ್ಲಿ ಅವರಿಗೆ ಹೋಗುವ ವಂಚನೆಯೂ ಇದೆ. ಖಾತೆ ಸಂಖ್ಯೆಯನ್ನು ಮೊದಲೇ ವಿಡಿಯೊ ಕರೆಯಲ್ಲಿ ಓದಿ ಹೇಳಿ, ಬದಲಾದರೆ ಕರೆ ಮಾಡಿಯೇ ತಿಳಿಸುತ್ತೇವೆ ಎಂದು ಬರೆದುಕೊಡಿ.

ಹಂತ 10: ಎರಡನೆಯ ವರ್ಷ

ಮೊದಲ ಸರಕು ತಲುಪಿದ ಮೇಲೆ ಮೌನವಾಗುವುದು ನಮ್ಮ ದೊಡ್ಡ ದೌರ್ಬಲ್ಯ. ಹುರಿದ ಮೇಲೆ ಹೇಗಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಹೂ ಮಳೆ ಬಂದಾಗ ಹೂ ಬಿಟ್ಟ ಬ್ಲಾಕಿನ ಒಂದು ಫೋಟೊ, ಮಳೆಗಾಲ ಮುಗಿದಾಗ ಫಸಲಿನ ಅಂದಾಜು, ಕೊಯ್ಲು ಶುರುವಾದಾಗ ಒಂದು ಸಾಲು. ಫಸಲು ಕಡಿಮೆಯಾಗುವ ಲಕ್ಷಣ ಕಂಡರೆ ಅವರು ಕೇಳುವ ಮೊದಲೇ ಹೇಳಿ. ಹುರಿಯುವವರು ತಮ್ಮ ಮಿಶ್ರಣಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು.

ಎರಡನೆಯ ದೇಶದ ಆಸೆ ಸದ್ಯಕ್ಕೆ ಬೇಡ. ಮೊದಲ ಕೊಳ್ಳುವವರು ಮತ್ತೊಮ್ಮೆ ಕೊಳ್ಳುವವರೆಗೆ ನಿಮ್ಮ ಬೀಜಕ್ಕೆ ಅಲ್ಲಿ ಜಾಗ ಸಿಕ್ಕಿದೆ ಎಂದು ಹೇಳಲಾಗದು. ಹೊಸ ಫಸಲಿನ 300 ಗ್ರಾಂ ಕಟ್ಟುವಾಗ, ಕಳೆದ ವರ್ಷ ಮೊಹರು ಹಾಕಿಟ್ಟ ಚೀಲವನ್ನು ತೆರೆದು ಬೀಜದ ಗಾತ್ರ, ಆರಿಸಿದ ರೀತಿ, ದೋಷದ ಎಣಿಕೆಯನ್ನು ಹೊಸದರೊಂದಿಗೆ ಹೋಲಿಸಿ. ಕಪ್ಪಿನ ರುಚಿಯನ್ನು ನೋಟ್‌ಬುಕ್ಕಿನ ಹಳೆಯ ಪುಟದೊಂದಿಗೆ ಹೋಲಿಸಿ. ವ್ಯತ್ಯಾಸವಿದ್ದರೆ ಅದನ್ನು ಮಾದರಿಯ ಚೀಟಿಯಲ್ಲಿಯೇ ಬರೆದು ಕಳುಹಿಸಿ.